ಆ ಒಂದು ವರ್ಷ ತಡೆದುಕೊಂಡವರಿಗೆ

ಎಂರೆಸ್, ಅಂದರೆ ಒಂದು ವರ್ಷದ ರಿಸರ್ಚ್ ಮಾಸ್ಟರ್ಸ್ ಡಿಗ್ರಿ, ಪಾಸಾಯಿತು. ಇದರ ಹಿಂದೆ ತುಂಬಾ ಜನ ಇದ್ದೀರಿ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮರೆಯುತ್ತೇನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಅಲ್ಲಿ ಅದು 5 ವರ್ಷ. ನಡುವೆ ಒಂದು ವರ್ಷ ಬೇರೆ ಡಿಗ್ರಿ ಮಾಡಿ ಮತ್ತೆ ಮೆಡಿಕಲ್‌ಗೆ ವಾಪಸ್ ಬರಬಹುದು. ಇಂಟರ್‌ಕ್ಯಾಲೇಶನ್ ಅಂತಾರೆ. ನಾನು ನಾಲ್ಕನೇ ವರ್ಷ ಮುಗಿಸಿ ರಿಸರ್ಚ್ ಮಾಸ್ಟರ್ಸ್‌ಗೆ ಸೇರಿದೆ. ಆದರೆ ನಮ್ಮ ಹಾಸನದಲ್ಲಿ ಮೆಡಿಕಲ್ ಓದುವವರಿಗೆ ಒಂದು ವರ್ಷ ಜಾಸ್ತಿ ಆಯ್ತು ಅಂದರೆ ಜನ ತಿಳಿಯುವುದು ಒಂದೇ. ಫೇಲು!

ಅದಕ್ಕೆ ಉತ್ತರ ಕೊಟ್ಟವಳು ನಾನಲ್ಲ, ಅಮ್ಮ. ಮದುವೆ ಮನೆಗಳಲ್ಲಿ, ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ, ಕೊನೆಗೆ ಹಾಸನಾಂಬೆ ದರ್ಶನದ ಕ್ಯೂನಲ್ಲೂ. "ಮಗಳದ್ದು ಇನ್ನೂ ಮುಗೀಲಿಲ್ವಾ? ಯಾವ್ದಾದ್ರೂ ಸಬ್ಜೆಕ್ಟ್ ಹೋಯ್ತಾ?" ಮೊದಮೊದಲು ಪೂರ್ತಿ ಬಿಡಿಸಿ ಹೇಳುತ್ತಿದ್ದಳಂತೆ. ಆಮೇಲೆ "ಹೂಂ, ಇನ್ನೂ ಓದ್ತಿದಾಳೆ" ಅಂದು ಸೊಪ್ಪು ಆರಿಸುವುದಕ್ಕೆ ಶುರು ಮಾಡುತ್ತಿದ್ದಳಂತೆ. ಒಂದು ದಿನವೂ ಇದನ್ನು ನನಗೆ ಹೇಳಲಿಲ್ಲ. ತಂಗಿ ಹೇಳಿದ್ದು. ಅಮ್ಮಾ, ಎಲ್ಲರಿಗಿಂತ ಮೊದಲು ನಿನಗೆ.

ನ್ಯೂಕ್ಯಾಸಲ್‌ನ ಸೀನಿಯರ್‌ಗಳೂ ಸುಮ್ನೆ ಯಾಕೆ ಅಂದಿದ್ದರು. ಅವರದ್ದೂ ಸರಿಯೇ. ಮೊದಲೆಲ್ಲಾ ಇನ್ನೊಂದು ಡಿಗ್ರಿ ಇದ್ದರೆ ಹೌಸ್ ಸರ್ಜನ್ ತರಹದ ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ಅಂಕ ಸಿಗುತ್ತಿತ್ತು. 2023ರಲ್ಲಿ ಕೆಲಸಕ್ಕೆ ಸೇರಿದ ಬ್ಯಾಚಿನಿಂದ ಅದು ನಿಂತಿದೆ. ಈಗ ಕಂಪ್ಯೂಟರ್ ಎಲ್ಲರಿಗೂ ಲಾಟರಿಯಲ್ಲಿ ರ್‍ಯಾಂಕ್ ಕೊಡುತ್ತದೆ. ಅಂಕ ಇಲ್ಲ, ಸಂಬಳ ಇಲ್ಲ, ಫೀಸು ಮಾತ್ರ ಇದೆ. ವೀಸಾ ಬೇರೆ ಮತ್ತೆ ಮಾಡಿಸಬೇಕು.

ಆ ಫೀಸು ಹೊಂದಿಸಿದ್ದು ಅಪ್ಪ ಮತ್ತು ಸಕಲೇಶಪುರದ ಚಿಕ್ಕಪ್ಪ. ರೊಬಸ್ಟಾ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದ ವರ್ಷ ಅದು, 2024–25. ಆ ದುಡ್ಡಿನಲ್ಲಿ ಚಿಕ್ಕಪ್ಪ ಹೊಸ ಜೀಪು ತಗೋಬೇಕು ಅಂತಿದ್ದರು. ಹಳೇ ಜೀಪಿಗೇ ಪೇಂಟ್ ಹೊಡೆಸಿದರು. ಬ್ಯಾಂಕಿನ ಮ್ಯಾನೇಜರ್ ಮೇಡಂಗೂ ಥ್ಯಾಂಕ್ಸ್. ಸಾಲದ ಕಂತು ಒಂದು ವರ್ಷ ಮುಂದಕ್ಕೆ ಹಾಕಲು ಯಾವ ಕಾಗದ ಬೇಕು ಅಂತ ತಾಳ್ಮೆಯಿಂದ ಕೂರಿಸಿ ಹೇಳಿದರು.

ಇನ್ನು ಲ್ಯಾಬ್. ಕಿಡ್ನಿಗೆ ಪದೇ ಪದೇ ಪೆಟ್ಟು ಬಿದ್ದರೆ ಒಳಗೆ ಕಲೆಗಟ್ಟಿ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೆ ಕುಮ್ಮಕ್ಕು ಕೊಡುವ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಒಂದು ಔಷಧ ತಡೆಯುತ್ತದಾ ಅಂತ ನೋಡುವುದು ನನ್ನ ಕೆಲಸ. ಜೀವಕೋಶಗಳನ್ನು 37 ಡಿಗ್ರಿಯಲ್ಲಿ ಇಟ್ಟು, ಎರಡು ಮೂರು ದಿನಕ್ಕೊಮ್ಮೆ ಆಹಾರ ಬದಲಿಸಬೇಕು. ಹಸು ಕಟ್ಟಿದವರ ಹಾಗೆ, ಭಾನುವಾರ ಅಂತ ಇಲ್ಲ. ಚಳಿಗಾಲದಲ್ಲಿ ಎಲ್ಲಕ್ಕೂ ಮೈಕೋಪ್ಲಾಸ್ಮಾ ತಗುಲಿತು. ಇದು ಬಲು ಸಣ್ಣ ಬ್ಯಾಕ್ಟೀರಿಯಾ, ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಕೋಶಗೋಡೆಯೇ ಇಲ್ಲದ್ದರಿಂದ ಪೆನಿಸಿಲಿನ್‌ಗೂ ಜಗ್ಗುವುದಿಲ್ಲ. ಎಲ್ಲವನ್ನೂ ಎಸೆದು ಮೊದಲಿಂದ ಶುರು ಮಾಡಬೇಕಾಯಿತು. ಆ ವಾರ ಲ್ಯಾಬ್‌ನ ಟೆಕ್ನಿಷಿಯನ್ ತನ್ನ ಕೆಲಸ ಬಿಟ್ಟು ನನ್ನ ಜೊತೆ ಇನ್‌ಕ್ಯುಬೇಟರ್ ಒರೆಸಿದರು. ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಬರೆದಿಡುತ್ತೇನೆ.

ಔಷಧ ಕೆಲಸ ಮಾಡಲಿಲ್ಲ. ಕೆಲಸ ಮಾಡಲಿಲ್ಲ ಅಂತಲೇ ಥೀಸಿಸ್ ಬರೆ, ಮುಂದಿನವರಿಗೆ ಅದೂ ಬೇಕು ಅಂದರು ಗೈಡ್. ಇದನ್ನು ದೊಡ್ಡಪ್ಪನಿಗೆ ಹೇಳುವುದು ಹೇಗೆ ಅನ್ನೋದೇ ನನ್ನ ಚಿಂತೆಯಾಗಿತ್ತು. ಅವರು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ನಾಲ್ಕು ಗಂಟೆ ಮಿಷನ್ ಪಕ್ಕ ಮಲಗಿರುವಾಗ ನನಗೆ ಫೋನ್ ಮಾಡಿ ಲ್ಯಾಬ್ ಕಥೆ ಕೇಳುತ್ತಿದ್ದರು. ಹೇಳಿದಾಗ ಕೇಳಿದ್ದು ಇಷ್ಟೇ: "ಹಂಗಾರೆ ಆ ಔಷಧಿ ಒಂದು ಬಿಟ್ಟಾಯ್ತು. ಇನ್ನು ಯಾವ್ದು ನೋಡ್ತೀರಿ?" ವೈವಾದಲ್ಲೂ ಇಂಥ ಪ್ರಶ್ನೆ ಬರಲಿಲ್ಲ. ಆ ಫೋನ್‌ಗಳಿಗೆ ಥ್ಯಾಂಕ್ಸ್, ದೊಡ್ಡಪ್ಪ.

ಕೊನೇ ವರ್ಷ ಇನ್ನೂ ಬಾಕಿ ಇದೆ. ನನ್ನ ಬ್ಯಾಚಿನವರೆಲ್ಲಾ ಡಾಕ್ಟರ್ ಆಗಿಬಿಟ್ಟರು, ನಾನು ಜೂನಿಯರ್‌ಗಳ ಜೊತೆ ಕೂರುತ್ತೇನೆ. ಅದಕ್ಕೂ ಮೊದಲು ಮೂರು ವಾರ ಊರಿಗೆ ಬರುತ್ತಿದ್ದೇನೆ. ಅಮ್ಮನ ಜೊತೆ ಮಾರ್ಕೆಟ್‌ಗೂ ಹೋಗುತ್ತೇನೆ. ಕೇಳುವುದಿದ್ದರೆ ನನ್ನನ್ನೇ ಕೇಳಿ.