ಅದು ರಾಕ್ಷಸನ ಮುಖವಲ್ಲ

ಮಾನ್ಯರೇ,

ಇತ್ತೀಚೆಗೆ ಕೊಪ್ಪಳದಲ್ಲಿ ನಡೆದ ಕರಕುಶಲ ವಸ್ತುಗಳ ಮಾರಾಟ ಮೇಳದ ಮಳಿಗೆಯೊಂದರಲ್ಲಿ ತೂಗುಹಾಕಿದ್ದ ಮರದ ಮುಖವಾಡಕ್ಕೆ ‘ಆಫ್ರಿಕಾದ ರಾಕ್ಷಸ, ದೃಷ್ಟಿ ನಿವಾರಣೆಗೆ’ ಎಂಬ ಚೀಟಿ ಅಂಟಿಸಲಾಗಿತ್ತು. ಅದರ ಚಿತ್ರ ಅದೇ ಅಡಿಬರಹದೊಂದಿಗೆ ತಮ್ಮ ಪತ್ರಿಕೆಯಲ್ಲಿಯೂ ಅಚ್ಚಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಿರಿದಾದ ಅಂಡಾಕಾರದ ಮುಖ, ಅರೆಮುಚ್ಚಿದ ಕಣ್ಣು, ನೀಳವಾದ ಮೂಗು, ತುಸು ಮುಂಚಾಚಿದ ಪುಟ್ಟ ಬಾಯಿ, ಕೆನ್ನೆಯ ಮೇಲೆ ಎಬ್ಬಿಸಿ ಕೆತ್ತಿದ ಗೀರುಗಳು, ಗದ್ದದ ಎರಡೂ ಬದಿಗೆ ಗಿಡ್ಡ ಕಾಲುಗಳಂತೆ ಇಳಿದ ಚಾಚುಗಳು: ಇವು ಐವರಿ ಕೋಸ್ಟ್‌ನ ಉತ್ತರ ಭಾಗದಲ್ಲಿಯೂ ಅದಕ್ಕೆ ಹೊಂದಿಕೊಂಡ ಮಾಲಿ, ಬುರ್ಕಿನಾ ಫಾಸೊ ದೇಶಗಳಲ್ಲಿಯೂ ವಾಸಿಸುವ ಸೆನುಫೊ ಜನರ ‘ಕ್ಪೆಲಿಯೆ’ ಮುಖವಾಡದ ಲಕ್ಷಣಗಳು. ಅದು ಚೆಲುವೆಯ ಮುಖ; ಧರಿಸಿ ಕುಣಿಯುವವರು ಮಾತ್ರ ಗಂಡಸರು. ಮೂರು ಹಂತಗಳಲ್ಲಿ ಸುಮಾರು 20 ವರ್ಷ ದೀಕ್ಷೆ ನೀಡುವ ‘ಪೋರೊ’ ಎಂಬ ಸಂಘಕ್ಕೆ ಸೇರಿದ ಈ ಮುಖವಾಡ ಊರಿನ ಹಿರಿಯರು ತೀರಿಕೊಂಡಾಗ ಹೊರಬರುತ್ತದೆ. ಸತ್ತವರ ಜೀವ ಮನೆಯ ಸುತ್ತ ಅಲೆಯದೆ ಪೂರ್ವಜರನ್ನು ಸೇರಲಿ ಎಂಬುದು ಆ ಕುಣಿತದ ಆಶಯ. ಮೊಸಳೆಯ ದವಡೆ, ಜಿಂಕೆಯ ಕೊಂಬು, ಕಾಡುಹಂದಿಯ ಕೋರೆ ಕೂಡಿಸಿ, ತಲೆಯ ಮೇಲೆ ಹೊರುವಂತೆ ಮಾಡಿದ ಭಯಂಕರ ಮುಖವಾಡವೂ ಅವರಲ್ಲಿ ಇದೆ, ದುಷ್ಟಶಕ್ತಿಗಳನ್ನು ಹೆದರಿಸುವ ಕೆಲಸ ಅದರದು. ಮಳಿಗೆಯಲ್ಲಿದ್ದದ್ದು ಅದಲ್ಲ. (ದೃಷ್ಟಿಗೆ ನಮ್ಮ ಸಂತೆಯ ಬೂದುಗುಂಬಳವೇ ಸಾಕಿತ್ತು.)

ಮುಖವಾಡವನ್ನು ತಿರುಗಿಸಿ ನೋಡಿದೆ. ಒಳಬದಿಯಲ್ಲಿ ಉಳಿಯ ಏಟು ಹಸಿಯಾಗಿಯೇ ಇತ್ತು, ಕಟ್ಟಿಕೊಳ್ಳಲು ತೂತುಗಳಿರಲಿಲ್ಲ, ಬೆರಳಿಗೆ ಬೂಟ್ ಪಾಲಿಶ್‌ನಂತಹ ಕಪ್ಪು ಹತ್ತಿತು. ಮಾರಾಟಕ್ಕೆಂದೇ ಕೆತ್ತಿದ್ದು. ಅದರಲ್ಲಿ ನನಗೆ ತಕರಾರಿಲ್ಲ. ಐವರಿ ಕೋಸ್ಟ್‌ನ ಕೊರೊಗೊ ಪಟ್ಟಣದ ಸುತ್ತಲಿನ ಕುಲೆಬೆಲೆ ಎಂಬ ಸೆನುಫೊ ಕೆತ್ತನೆಗಾರರು, 1950ರ ದಶಕದಿಂದೀಚೆಗಂತೂ ಹೆಚ್ಚಾಗಿ, ಪರದೇಶದ ಗಿರಾಕಿಗಳಿಗೂ ಕೆತ್ತುತ್ತಾರೆ. ನಮ್ಮ ಕಿನ್ನಾಳದ ಚಿತ್ರಗಾರರೂ ಹಗುರವಾದ ಪೊಣಕಿ ಕಟ್ಟಿಗೆಯಲ್ಲಿ, ಹುಣಸೆ ಬೀಜದ ಅಂಟು ಬಳಸಿ, ಮಾರುವ ಗೊಂಬೆಯನ್ನೂ ಗುಡಿಯ ದೇವಿಯನ್ನೂ ಮಾಡುತ್ತಾರೆ. ಷೋಕೇಸಿನ ಗೊಂಬೆಗೆ ಯಾರೂ ಉಡಿ ತುಂಬುವುದಿಲ್ಲ. ಆದರೆ ದ್ಯಾಮವ್ವನ ಕೆಂಪು ಮೋರೆ, ಅರಳಿದ ಕಣ್ಣು ಕಂಡು ಕೊರೊಗೊದ ಅಂಗಡಿಯವನೊಬ್ಬ ‘ಭಾರತದ ದೆವ್ವ’ ಎಂದು ಚೀಟಿ ಅಂಟಿಸಿದರೆ ನಾವು ಸುಮ್ಮನಿರುತ್ತೇವೆಯೇ?

ಆದ್ದರಿಂದ ಇಂತಹ ಚಿತ್ರ ಪ್ರಕಟಿಸುವಾಗ ಮಳಿಗೆಯ ಚೀಟಿಯನ್ನು ಹಾಗೆಯೇ ಎತ್ತಿಕೊಳ್ಳದೆ, ಯಾವ ಜನರದು, ಯಾವ ನಾಡಿನದು, ಆಚರಣೆಯಲ್ಲಿ ಬಳಸಿದ್ದೋ ಮಾರಲು ಮಾಡಿದ್ದೋ ಎಂಬುದನ್ನು ವಿಚಾರಿಸಿ ಅಡಿಬರಹ ಕೊಡಬೇಕೆಂದೂ, ಈಗಾಗಲೇ ಅಚ್ಚಾದುದಕ್ಕೆ ಒಂದು ತಿದ್ದುಪಡಿ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ನಿವೃತ್ತ ಚಿತ್ರಕಲಾ ಶಿಕ್ಷಕ, ಕೊಪ್ಪಳ