ಹಳೆ ನೋಟು ಕೊಳ್ಳುವವರಿಗೆ, ಹಾಕುವವರಿಗೆ

ಸದಸ್ಯರೇ, ನಮಸ್ಕಾರ.

ಮಾರಾಟಕ್ಕೆ ಹಾಕುವ ನೋಟಿನ ಎರಡೂ ಬದಿಯ ಫೋಟೊ ಕಡ್ಡಾಯ. ಜೊತೆಗೆ ಬೆಳಕಿಗೆ ಅಡ್ಡ ಹಿಡಿದು ತೆಗೆದದ್ದೊಂದು ಇರಲಿ. ಅಂಟಿಸಿದ ಹರುಕು, ತೆಳುವಾದ ಜಾಗ ಬಯಲಾಗುವುದು ಅದರಲ್ಲೇ. ಹಿಂದೆಲ್ಲ ಬ್ಯಾಂಕಿನಲ್ಲಿ 100 ನೋಟಿನ ಕಟ್ಟಿಗೆ ಪಿನ್ ಹೊಡೆಯುತ್ತಿದ್ದರು. ಹಾಗಾಗಿ ಹಳೆಯ ಗರಿಗರಿ ನೋಟಿನಲ್ಲಿ ಪಿನ್ ತೂತು ಇದ್ದರೆ ತಕರಾರು ಬೇಡ. ತೂತಿನ ಸುತ್ತ ತುಕ್ಕು ಹಿಡಿದಿದ್ದರೆ ಚೌಕಾಸಿ ಮಾಡಿ.

ತೊಳೆದು ಇಸ್ತ್ರಿ ಹಾಕಿದ ನೋಟು ಬೇಡವೇ ಬೇಡ. ಮಡಿಕೆ ಹೋದಂತೆ ಕಂಡರೂ ಟಾರ್ಚನ್ನು ಓರೆಯಾಗಿ ಬಿಟ್ಟರೆ ಗೆರೆ ಎದ್ದು ಕಾಣುತ್ತದೆ. ಕಾಗದ ಮೆತ್ತಗಾಗಿರುತ್ತದೆ, ಮುದ್ರಣದ ಉಬ್ಬು ಕೈಗೆ ಸಿಗುವುದಿಲ್ಲ.

ವಿವರದಲ್ಲಿ ಸಹಿ, ಇನ್‌ಸೆಟ್ ಅಕ್ಷರ (ನೋಟಿನ ಸಂಖ್ಯೆಯ ಹಿನ್ನೆಲೆಯಲ್ಲಿ ಅಚ್ಚಾದ ಇಂಗ್ಲಿಷ್ ಅಕ್ಷರ), ಹಿಂಬದಿಯಲ್ಲಿ ಇದ್ದರೆ ಮುದ್ರಣದ ವರ್ಷ ಬರೆಯಿರಿ. 1 ರೂಪಾಯಿ ನೋಟಿಗೆ ರಿಸರ್ವ್ ಬ್ಯಾಂಕ್ ಗವರ್ನರ್ ಹೆಸರು ಹಾಕಬೇಡಿ (ಆಗಾಗ ಹಾಕುತ್ತಾರೆ!). ಅದು ಭಾರತ ಸರ್ಕಾರದ ನೋಟು, ಸಹಿ ಹಣಕಾಸು ಕಾರ್ಯದರ್ಶಿಯದು. ಸಂಖ್ಯೆಯ ಮುಂದೆ ನಕ್ಷತ್ರವಿದ್ದರೆ ನಕಲಿಯಲ್ಲ. ಮುದ್ರಣದಲ್ಲಿ ಕೆಟ್ಟದ್ದರ ಬದಲಿಗೆ ಸೇರಿಸಿದ ನೋಟು.

ಪಿವಿಸಿ ಹಾಳೆಯ ಆಲ್ಬಮ್ ಅಗ್ಗ, ಆದರೆ ಕಾಲಕ್ರಮೇಣ ಜಿಡ್ಡು ಬಿಟ್ಟು ನೋಟಿಗೆ ಅಂಟುತ್ತದೆ. ಪಾಲಿಯೆಸ್ಟರ್ ಕವರ್ ಕೊಳ್ಳಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಲ್ಬಮ್ ನಿಲ್ಲಿಸಿಡಿ.

2016ರಲ್ಲಿ ರದ್ದಾದ 500, 1000ದ ನೋಟುಗಳು ಸಂಗ್ರಹಕ್ಕೆಂದರೂ ಒಟ್ಟು 25 ಮೀರುವಂತಿಲ್ಲ. 2017ರ ಕಾಯ್ದೆಯಲ್ಲಿ ದಂಡವಿದೆ. ಕಟ್ಟುಗಟ್ಟಲೆ ಮಾರುವ ಪೋಸ್ಟ್ ಅಳಿಸುತ್ತೇವೆ.

ಹಳೆ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕ್ ಹೆಸರಲ್ಲಿ ಬರುವ ಕರೆ ಪೂರಾ ಮೋಸ. ನಂಬರನ್ನು ಅಡ್ಮಿನ್‌ಗೆ ಕಳಿಸಿ.