ಹೊರಳಿ ಮಲಗೋದೂ ಇರುತ್ತೆ ಅಂತ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ.

ಕೊಲೊನೊಸ್ಕೋಪಿ, ಅಂದರೆ ಹಿಂದಿನಿಂದ ಕ್ಯಾಮೆರಾ ಇರುವ ಪೈಪು ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ, ಅದರ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಹಿಂದಿನ ದಿನ ಏನು ತಿನ್ನಬೇಕು, ಭೇದಿ ಔಷಧಿ ಹೇಗೆ ಕುಡಿಯಬೇಕು, ಎಲ್ಲ ಇದೆ. ಟೇಬಲ್ ಮೇಲೆ ಹೇಗೆ ಮಲಗಬೇಕು ಅನ್ನೋದಕ್ಕೆ ಮಾತ್ರ ಒಂದು ಸಾಲೂ ಇಲ್ಲ. ನನಗೆ ಕಷ್ಟ ಆಗಿದ್ದೇ ಅಲ್ಲಿ.

ನಾನು ದಾವಣಗೆರೆಯವಳು, ಟೈಲರ್. ವಯಸ್ಸು 57. ಗರ್ಭಕೋಶ ತೆಗೆಸಿ ಹನ್ನೆರಡು ವರ್ಷ ಆಯಿತು. ಮಷಿನ್ ತುಳಿದು ತುಳಿದು ಮಂಡಿ ಹೋಗಿದೆ. ಮೊದಲ ಸಲ ಇವೆರಡನ್ನೂ ಯಾರೂ ಕೇಳಲಿಲ್ಲ. ಎಡಮಗ್ಗುಲಿಗೆ ಮಲಗಿಸಿ, ಮಂಡಿ ಎದೆಯ ಹತ್ತಿರ ತಂದುಕೊಳ್ಳಿ ಅಂದರು. ಸಾಮಾನ್ಯವಾಗಿ ಶುರು ಮಾಡುವುದು ಹಾಗೆಯೇ. ಆದರೆ ನನ್ನನ್ನು ಕೊನೆಯವರೆಗೂ ಹಾಗೇ ಬಿಟ್ಟರು. ಸ್ವಲ್ಪ ಹೊತ್ತಿಗೆ ಯಾರೋ ಕರುಳು ಹಿಂಡಿದ ಹಾಗಾಯಿತು. ಕಾಲು ಸ್ವಲ್ಪ ಸರಿಸಿದರೆ "ಅಲ್ಲಾಡಬೇಡಿ" ಅಂತ ಗದರಿಕೆ. ಕಡೆಗೂ ಪೈಪು ಪೂರ್ತಿ ಹೋಗಲಿಲ್ಲ, ಇನ್ನೊಮ್ಮೆ ಮಾಡಿಸಿ ಅಂದರು. ಮೋಷನ್‌ನಲ್ಲಿ ರಕ್ತ ಕಾಣಿಸುತ್ತಿದ್ದರೂ ಹೆದರಿ ಒಂದೂವರೆ ವರ್ಷ ಮುಂದೂಡಿದೆ.

ಕಳೆದ ತಿಂಗಳು ಬೇರೆ ಕಡೆ ಹೋದೆ. ಅಲ್ಲಿನ ಸಿಸ್ಟರ್ ಮೊದಲು ಕೇಳಿದ್ದೇ "ಅಮ್ಮಾ, ಆಪರೇಷನ್ ಏನಾದ್ರೂ ಆಗಿದೆಯಾ? ಮಂಡಿ, ಸೊಂಟ ನೋವಿದೆಯಾ?" ಅಂತ. ಗರ್ಭಕೋಶ ತೆಗೆಸಿದವರಲ್ಲಿ ಒಳಗೆ ಕರುಳು ಅಂಟಿಕೊಂಡಿರಬಹುದಂತೆ, ಪೈಪು ತಿರುಗಿಸುವುದು ಕಷ್ಟವಂತೆ. ಮಂಡಿಗಳ ನಡುವೆ ದಿಂಬು ಇಟ್ಟರು. ಮಧ್ಯೆ ಹೊರಳಲು ಹೇಳುತ್ತೇವೆ, ಗಾಬರಿ ಬೇಡ ಅಂದರು.

ದೊಡ್ಡ ಕರುಳು ಸುಮಾರು 1.5 ಮೀಟರ್ ಉದ್ದ. ಕೆಳಗೆ ಎಡಗಡೆ ಅದು ಸಡಿಲ. ಪೈಪು ತಳ್ಳಿದಾಗ ಮುಂದೆ ಹೋಗುವ ಬದಲು ಅಲ್ಲೇ ಸುರುಳಿ ಆಗಿಬಿಡುತ್ತದೆ. ಆ ಎಳೆತಕ್ಕೇ ನೋವು. ನನಗೆ ಇದು ಚೆನ್ನಾಗಿ ಅರ್ಥವಾಯಿತು. ಲಂಗಕ್ಕೆ ಲಾಡಿ ಹಾಕುವಾಗ ಪಿನ್ನು ಸಿಕ್ಕಿಕೊಂಡರೆ ಜೋರಾಗಿ ತಳ್ಳುತ್ತೇವಾ? ಬಟ್ಟೆ ಸರಿಮಾಡಿಕೊಂಡು, ಸ್ವಲ್ಪ ಹಿಂದೆ ಎಳೆದು ಮತ್ತೆ ಬಿಡುತ್ತೇವೆ, ಅಲ್ವಾ? ಇವರೂ ಹಾಗೇ ಮಾಡಿದರು. ಸಿಕ್ಕಿಕೊಂಡಾಗ ಅಂಗಾತ ಮಲಗಿಸಿದರು. ಸಿಸ್ಟರ್ ಅಂಗೈಯಿಂದ ಹೊಟ್ಟೆ ಒತ್ತಿ ಹಿಡಿದರು. ಇನ್ನೊಂದು ತಿರುವಿನಲ್ಲಿ ಬಲಮಗ್ಗುಲು. ಪೈಪು ಕೊನೆ ಮುಟ್ಟಿತು.

ವಾಪಸ್ ತೆಗೆಯುವಾಗಲೂ ಹೊರಳಿಸಿದರು. ಕರುಳಿನೊಳಗೆ ಗಾಳಿ ಮೇಲೇರುತ್ತದೆ, ನೀರು ಕೆಳಗಿಳಿಯುತ್ತದೆ. ಎಡಕ್ಕೆ ಮಲಗಿದರೆ ಬಲಗಡೆಯ ಕರುಳು ಉಬ್ಬಿ ಚೆನ್ನಾಗಿ ಕಾಣುತ್ತದೆ, ಬಲಕ್ಕೆ ಮಲಗಿದರೆ ಎಡಗಡೆಯದು. ಎರಡು ಸಣ್ಣ ಗಂಟು ಸಿಕ್ಕವು, ಅಲ್ಲೇ ತೆಗೆದರು.

ಮಂಪರು ಕಡಿಮೆ ಕೊಟ್ಟಿದ್ದರಿಂದ ನಾನೇ ಹೊರಳಿದೆ. ಪೂರ್ತಿ ನಿದ್ದೆ ಬರಿಸಿದರೆ ಹೊರಳಿಸೋಕೆ ಜನ ಬೇಕು. ಜನ ಇಲ್ಲದ ಕಡೆ ಒಂದೇ ಮಗ್ಗುಲಲ್ಲಿ ಮುಗಿಸಲು ನೋಡುತ್ತಾರೇನೋ, ಇದು ನನ್ನ ಅನುಮಾನ. ಕೆಲವರಿಗೆ ಹೊರಳದೆಯೂ ಸಲೀಸಾಗಿ ಆಗುತ್ತದಂತೆ, ಅವರ ಪುಣ್ಯ. ನಾನು ಕೇಳುವುದು ಇಷ್ಟೇ: ಭೇದಿ ಔಷಧಿಯ ಜೊತೆ ಕೊಡುವ ಚೀಟಿಯಲ್ಲಿ ಹೊರಳುವ ವಿಷಯವನ್ನು ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಮಂಡಿ, ಸೊಂಟ, ಹಳೇ ಆಪರೇಷನ್ ಬಗ್ಗೆ ಕೇಳಿ. ನೋವಾದರೆ ಬಾಯಿಬಿಟ್ಟು ಹೇಳಿ ಅಂತ ನಮಗೂ ಹೇಳಿ.

ಇನ್ನೊಂದು ಮಾತು, ಹೇಳೋಕೆ ನಾಚಿಕೆ. ಆಸ್ಪತ್ರೆಯ ಗೌನಿಗೆ ಹಿಂದೆ ಬರೀ ಎರಡು ದಾರ. ಹೊರಳಿದರೆ ಎಲ್ಲ ಬಯಲು. ಮೊದಲ ಸಲ ನಾನು ಮುದುಡಿಕೊಂಡು ಬಿದ್ದಿದ್ದಕ್ಕೆ ಅದೂ ಒಂದು ಕಾರಣ. ಈ ಸಲ ಹಿಂದೆ ಕಿಂಡಿ, ಅದರ ಮೇಲೊಂದು ಮುಚ್ಚಳ ಇರುವ ಪೈಜಾಮ ನಾನೇ ಹೊಲಿದುಕೊಂಡು ಹೋಗಿದ್ದೆ. ಡಾಕ್ಟರನ್ನು ಕೇಳಿಯೇ ಹಾಕಿಕೊಂಡೆ. ಸಿಸ್ಟರ್‌ಗೆ ಎಷ್ಟು ಹಿಡಿಸಿತು ಅಂದರೆ ಕಟಿಂಗ್ ಕೊಡಿ ಅಂದರು. ನಿಮ್ಮ ಪೇಪರಿನ ಮೇಲೇ ಗುರುತು ಹಾಕಿ, ಕತ್ತರಿಸಿ ಕೊಟ್ಟು ಬಂದೆ.

— ಒಬ್ಬ ಓದುಗಿ, ದಾವಣಗೆರೆ